ಮಂತ್ರಿಯಾಗದೆ ಉಳಿದ ಜನನಾಯಕ: ಶಾಂತವೇರಿ ಗೋಪಾಲಗೌಡ

ಕರ್ನಾಟಕದ ವಿಧಾನಸಭೆ ಅನೇಕ ಮುಖ್ಯಮಂತ್ರಿಗಳನ್ನೂ ನೂರಾರು ಮಂತ್ರಿಗಳನ್ನೂ ಕಂಡಿದೆ. ಅವರಲ್ಲಿ ಎಷ್ಟು ಜನರ ಹೆಸರು ಇಂದು ನಮ್ಮ ನೆನಪಿನಲ್ಲಿದೆ ಎಂದು ಕೇಳಿಕೊಂಡರೆ ಉತ್ತರ ಕೊಡುವುದು ಕಷ್ಟ. ಒಂದು ದಿನವೂ ಮಂತ್ರಿಯಾಗದ, ಆಳುವ ಪಕ್ಷದ ಸಾಲಿನಲ್ಲಿ ಒಮ್ಮೆಯೂ ಕೂರದ ಒಬ್ಬ ಶಾಸಕರ ಹೆಸರು ಮಾತ್ರ ಅವರು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೂ ಉಳಿದಿದೆ. ಅವರೇ ಶಾಂತವೇರಿ ಗೋಪಾಲಗೌಡರು.

ಬೆಂಗಳೂರಿನಲ್ಲಿ ವಿಧಾನಸೌಧದ ಸಮೀಪ ಗೋಪಾಲಗೌಡ ವೃತ್ತವಿದೆ. ಶಿವಮೊಗ್ಗದಲ್ಲಿ ಅವರ ಹೆಸರಿನ ಬಡಾವಣೆಯಿದೆ. ದಿನಾಲೂ ಸಾವಿರಾರು ಜನ ಈ ಹೆಸರುಗಳನ್ನು ಹೇಳುತ್ತಾರೆ. ಅವರು ಯಾರು, ಏನು ಮಾಡಿದರು ಎಂಬುದು ಹೊಸ ಪೀಳಿಗೆಗೆ ಅಷ್ಟಾಗಿ ತಿಳಿದಿಲ್ಲ. ಘಟ್ಟದ ಮೇಲಿನ ಈ ನಾಯಕರಿಗೂ ಘಟ್ಟದ ಕೆಳಗಿನ ನಮ್ಮ ಕರಾವಳಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಗೇಣಿ ಒಕ್ಕಲುಗಳಾಗಿದ್ದ ಅಜ್ಜ ಅಜ್ಜಿಯರ ಮನೆಗಳಿಂದ ಬಂದವರಿಗೆ ಆ ಸಂಬಂಧ ಲೇಖನದ ಕೊನೆಗೆ ತಾನಾಗಿಯೇ ಸ್ಪಷ್ಟವಾಗುತ್ತದೆ ಎಂದು ನಂಬಿದ್ದೇವೆ.

ಬಾಲ್ಯ ಮತ್ತು ಹೋರಾಟದ ಆರಂಭ

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನ ಆರಗ ಗ್ರಾಮದಲ್ಲಿ. ಆಗುಂಬೆ ಘಾಟಿ ಹತ್ತಿದರೆ ಸಿಗುವ ಮಲೆನಾಡು ಅದು. ಅಡಿಕೆ ತೋಟ, ಗದ್ದೆ, ಕಾಡು, ಬಿಡದೆ ಸುರಿಯುವ ಮಳೆ. ಮನೆಯಲ್ಲಿ ಬಡತನವಿತ್ತು. ಓದುವ ಆಸೆಯೂ ಅಷ್ಟೇ ಇತ್ತು.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದಾಗ ಅವರಿಗೆ ಹತ್ತೊಂಬತ್ತು ವರ್ಷ. ತೀರ್ಥಹಳ್ಳಿಯಲ್ಲಿ ವಿದ್ಯಾರ್ಥಿಯಾಗಿದ್ದ ಅವರು ಚಳವಳಿಗೆ ಇಳಿದು ಸೆರೆಮನೆ ಸೇರಿದರು. ಹೊರಗೆ ಬಂದ ಮೇಲೆ ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೆಟ್ ಓದಿಗೆ ಸೇರಿದರು. ಅಲ್ಲಿ ವಿದ್ಯಾರ್ಥಿಗಳನ್ನೂ ಕೂಲಿಕಾರರನ್ನೂ ಸಂಘಟಿಸುವ ಕೆಲಸ ಹಿಡಿದರು. ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ ಮೊದಲಾದವರ ಸಮಾಜವಾದಿ ವಿಚಾರಗಳು ಅವರನ್ನು ಸೆಳೆದದ್ದು ಈ ದಿನಗಳಲ್ಲೇ. ಸ್ವಾತಂತ್ರ್ಯ ಬಂದ ಮೇಲೆ ಅನೇಕ ಹೋರಾಟಗಾರರು ಕಾಂಗ್ರೆಸ್ಸಿನಲ್ಲಿ ಸ್ಥಾನಮಾನ ಕಂಡುಕೊಂಡರು. ಗೋಪಾಲಗೌಡರು ಸಮಾಜವಾದಿ ಪಕ್ಷದಲ್ಲೇ ಉಳಿದರು. ಬಿಳಿಯರು ಹೋದರೂ ಮಲೆನಾಡಿನ ಗೇಣಿದಾರನ ಬದುಕಿನಲ್ಲಿ ಏನೂ ಬದಲಾಗಿಲ್ಲ ಎಂಬುದು ಅವರಿಗೆ ಕಣ್ಣೆದುರೇ ಕಾಣುತ್ತಿತ್ತು.

ಕಾಗೋಡು ಸತ್ಯಾಗ್ರಹ

ಆ ಕಾಲದ ಗೇಣಿ ವ್ಯವಸ್ಥೆಯನ್ನು ತಿಳಿಯದೆ ಗೋಪಾಲಗೌಡರ ಬದುಕು ಅರ್ಥವಾಗುವುದಿಲ್ಲ. ಗದ್ದೆ ಒಡೆಯನದು, ದುಡಿಮೆ ಒಕ್ಕಲಿನದು. ಬೆಳೆದ ಭತ್ತದಲ್ಲಿ ಒಡೆಯನ ಪಾಲನ್ನು ಅಳೆದು ಕೊಡಬೇಕು. ಅಳೆಯುವ ಕೊಳಗವೂ ಒಡೆಯನದೇ. ಆ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದಾಗಿದ್ದರೆ ಕೇಳುವವರಿಲ್ಲ. ಗೇಣಿ ಕೊಟ್ಟದ್ದಕ್ಕೆ ರಸೀದಿ ಇಲ್ಲ. ಒಡೆಯನ ಮನೆಯಲ್ಲಿ ಬಿಟ್ಟಿ ಚಾಕರಿ ಬೇರೆ. ಬಾಯಿ ತೆರೆದರೆ ಮುಂದಿನ ಮಳೆಗಾಲಕ್ಕೆ ಗದ್ದೆ ಇಲ್ಲ.

ಸಾಗರ ತಾಲೂಕಿನ ಕಾಗೋಡು ಎಂಬ ಚಿಕ್ಕ ಹಳ್ಳಿಯ ದೀವರ ಸಮುದಾಯದ ಒಕ್ಕಲುಗಳು ಇದರ ವಿರುದ್ಧ ಎದ್ದು ನಿಂತರು. ಅವರನ್ನು ಸಂಘಟಿಸಿದವರು ಶಿಕ್ಷಕರಾಗಿದ್ದ ಎಚ್. ಗಣಪತಿಯಪ್ಪನವರು. ಬೇಡಿಕೆಗಳು ದೊಡ್ಡವೇನಲ್ಲ: ಸರಿಯಾದ ಕೊಳಗದಲ್ಲಿ ಅಳೆಯಬೇಕು, ರಸೀದಿ ಕೊಡಬೇಕು, ಬಿಟ್ಟಿ ಚಾಕರಿ ನಿಲ್ಲಬೇಕು. ಒಡೆಯರು ಒಪ್ಪಲಿಲ್ಲ. ಒಕ್ಕಲುಗಳ ಕೈಯಿಂದ ಗದ್ದೆಗಳು ತಪ್ಪಿಹೋದವು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಅದೇ ಗದ್ದೆಗಳಿಗೆ ಇಳಿದರು. ಪೊಲೀಸರು ಬಂಧಿಸಿದರು. ಮರುದಿನ ಮತ್ತೊಂದು ತಂಡ ಇಳಿಯಿತು. ಹೀಗೆ ನೂರಾರು ಜನ ಸೆರೆಮನೆ ಕಂಡರು.

ಸಮಾಜವಾದಿ ಪಕ್ಷ ಈ ಹೋರಾಟವನ್ನು ತನ್ನದಾಗಿ ಸ್ವೀಕರಿಸಿದಾಗ ಅದರ ಮುಂಚೂಣಿಗೆ ಬಂದವರು ಗೋಪಾಲಗೌಡರು. ಊರೂರು ಸುತ್ತಿ, ಸಭೆ ಮಾಡಿ, ಸತ್ಯಾಗ್ರಹಿಗಳನ್ನು ಸೇರಿಸಿ, ಒಂದು ಹಳ್ಳಿಯ ಜಗಳವನ್ನು ಇಡೀ ರಾಜ್ಯದ ಪ್ರಶ್ನೆಯಾಗಿ ಮಾಡಿದರು. ಜೂನ್ ತಿಂಗಳಲ್ಲಿ ಸ್ವತಃ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೆ ಒಳಗಾದರು. ಅದರಿಂದ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು.

ಹೋರಾಟಕ್ಕೆ ತಕ್ಷಣ ಜಯ ಸಿಗಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗದ್ದೆಗಳು ಮರಳಿ ಬರಲಿಲ್ಲ. ಕೇಸು, ಜೈಲು, ಹಸಿವು ಒಕ್ಕಲುಗಳ ಪಾಲಿಗೆ ಬಂದವು. ಗದ್ದೆಯಲ್ಲಿ ಕೂತರೆ ಮಾತ್ರ ಸಾಲದು, ಕಾನೂನು ಬದಲಾಗಬೇಕು, ಕಾನೂನು ಬದಲಾಗಬೇಕಾದರೆ ಶಾಸನಸಭೆಯ ಒಳಗೂ ಈ ಮಾತು ಕೇಳಿಸಬೇಕು ಎಂಬುದು ಈ ಹೋರಾಟದಿಂದ ಸ್ಪಷ್ಟವಾಯಿತು.

ಶಾಸನಸಭೆಗೆ ಪ್ರವೇಶ

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ ಹೊಸನಗರ ಭಾಗದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯಾದರು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಕೈಯಲ್ಲಿ ಹಣವಿರಲಿಲ್ಲ. ಆಳುವ ಕಾಂಗ್ರೆಸ್ಸಿನ ಪ್ರಭಾವ ಎದುರಿಗಿತ್ತು. ಆದರೂ ಗೆದ್ದರು. ಗೇಣಿದಾರರು, ಕೂಲಿಕಾರರು ಅವರಿಗಾಗಿ ನಡೆದೇ ಪ್ರಚಾರ ಮಾಡಿದರು.

ಮತದಾರರಿಂದ ಮತದ ಜೊತೆಗೆ ಒಂದು ನೋಟನ್ನೂ ಕೇಳುವ ಪದ್ಧತಿ ಗೋಪಾಲಗೌಡರ ಚುನಾವಣೆಗಳಿಂದಲೇ ಮನೆಮಾತಾಯಿತು. ಅಭ್ಯರ್ಥಿ ಮತದಾರನಿಗೆ ಹಣ ಕೊಡುವುದನ್ನು ಕಂಡಿರುವ ನಮಗೆ ಇದು ವಿಚಿತ್ರವಾಗಿ ತೋರಬಹುದು. ಒಂದು ರೂಪಾಯಿ ಕೊಟ್ಟ ಮತದಾರ ಶಾಸಕನನ್ನು ತನ್ನವನೆಂದು ತಿಳಿಯುತ್ತಾನೆ, ಪ್ರಶ್ನಿಸುವ ಹಕ್ಕನ್ನೂ ಉಳಿಸಿಕೊಳ್ಳುತ್ತಾನೆ. ಶಾಸಕನೂ ಧನಿಕರ ಹಂಗಿಗೆ ಬೀಳುವುದಿಲ್ಲ.

ಆ ಸಭೆಯಲ್ಲಿದ್ದವರು 99 ಸದಸ್ಯರು. ಕಾಂಗ್ರೆಸ್ಸಿಗೆ 74 ಸ್ಥಾನ, ಸಮಾಜವಾದಿ ಪಕ್ಷಕ್ಕೆ ಕೇವಲ 3. ವಿಧಾನಸೌಧ ಇನ್ನೂ ಕಟ್ಟಿರಲಿಲ್ಲ. ಸಭೆ ಸೇರುತ್ತಿದ್ದುದು ಈಗ ಹೈಕೋರ್ಟ್ ಇರುವ ಅಠಾರ ಕಛೇರಿಯಲ್ಲಿ. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿ. ಕಂದಾಯ ಮಂತ್ರಿ ಕಡಿದಾಳ್ ಮಂಜಪ್ಪನವರು ತೀರ್ಥಹಳ್ಳಿ ಸೀಮೆಯವರೇ, ಸಜ್ಜನರು. ಅದೇ ವರ್ಷ ಗೇಣಿ ಕಾಯಿದೆಯೊಂದು ಬಂತು. ಅದು ಗೇಣಿದಾರನಿಗೆ ಸ್ವಲ್ಪ ರಕ್ಷಣೆ ಕೊಟ್ಟಿತು, ಭೂಮಿ ಕೊಡಲಿಲ್ಲ. ಉಳುವವನೇ ಹೊಲದೊಡೆಯನಾಗಬೇಕು ಎಂಬ ಒಂದೇ ಮಾತನ್ನು ಗೋಪಾಲಗೌಡರು ಹಿಡಿದು ಕೂತರು.

ವಿರೋಧ ಪಕ್ಷದ ಒಬ್ಬ ಶಾಸಕ ಏನು ಮಾಡಬಲ್ಲ? ಮಸೂದೆಯನ್ನು ಗೆಲ್ಲಿಸಲಾರ, ಆಜ್ಞೆ ಹೊರಡಿಸಲಾರ. ಅವನ ಕೈಯಲ್ಲಿರುವುದು ಪ್ರಶ್ನೋತ್ತರ ವೇಳೆ, ರಾಜ್ಯಪಾಲರ ಭಾಷಣದ ಮೇಲಿನ ಚರ್ಚೆ, ಬಜೆಟ್ ಮೇಲಿನ ಮಾತು, ಅಷ್ಟೆ. ಅದನ್ನೇ ಗೋಪಾಲಗೌಡರು ಪೂರ್ತಿಯಾಗಿ ಬಳಸಿಕೊಂಡರು. ಮಾತು ನೇರ, ಸ್ವರ ಗಟ್ಟಿ. ಹಳ್ಳಿಯ ಕನ್ನಡದ ಜೊತೆಗೆ ಕವಿಗಳ ಕನ್ನಡವೂ ಅವರ ನಾಲಗೆಯ ಮೇಲಿತ್ತು. ಸಿಟ್ಟು ಬೇಗ ಬರುತ್ತಿತ್ತು. ಆ ಸಿಟ್ಟು ಕೆಲವೊಮ್ಮೆ ಸದನದ ಮರ್ಯಾದೆಯ ಗೆರೆಯನ್ನೂ ದಾಟುತ್ತಿತ್ತು ಎಂದು ಆಕ್ಷೇಪಿಸಿದವರಿದ್ದರು. ಅವರಿಗೆ ಸ್ವಂತ ಲಾಭದ ಆಸೆಯಿದೆ ಎಂದು ಹೇಳಿದವರು ಮಾತ್ರ ಅವರ ವಿರೋಧಿಗಳಲ್ಲೂ ಕಡಿಮೆ.

ನಾಡು ಮತ್ತು ನುಡಿ

ಭೂಮಿಯಂತೆಯೇ ಗೋಪಾಲಗೌಡರು ಜೀವನವಿಡೀ ಹಿಡಿದ ಮತ್ತೊಂದು ವಿಷಯ ಕನ್ನಡ. ಏಕೀಕರಣದ ಪ್ರಶ್ನೆ ಬಂದಾಗ ಹಳೆ ಮೈಸೂರಿನ ಅನೇಕ ನಾಯಕರಿಗೆ ಅದು ಬೇಡವಾಗಿತ್ತು. ಮುಂಬಯಿ, ಹೈದರಾಬಾದ್, ಮದ್ರಾಸ್ ಪ್ರಾಂತಗಳ ಕನ್ನಡಿಗರು ಸೇರಿದರೆ ತಮ್ಮ ಪ್ರಾಬಲ್ಯ ಕುಗ್ಗುತ್ತದೆ ಎಂಬ ಅಳುಕು ಅವರಿಗಿತ್ತು. ಗೋಪಾಲಗೌಡರು ಹಳೆ ಮೈಸೂರಿನ ಶಾಸಕರಾಗಿದ್ದುಕೊಂಡೇ ಏಕೀಕರಣದ ಪರವಾಗಿ ಗಟ್ಟಿಯಾಗಿ ನಿಂತರು. 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದಲ್ಲಿದ್ದ ನಮ್ಮ ದಕ್ಷಿಣ ಕನ್ನಡವೂ ಮುಂಬಯಿ ರಾಜ್ಯದಲ್ಲಿದ್ದ ಉತ್ತರ ಕನ್ನಡವೂ ಹೊಸ ರಾಜ್ಯ ಸೇರಿದವು.

ರಾಜ್ಯ ಒಂದಾದರೂ ಹೆಸರು ಮೈಸೂರು ಎಂದೇ ಉಳಿಯಿತು. ಕರ್ನಾಟಕ ಎಂಬ ಹೆಸರಿಗಾಗಿ, ಆಡಳಿತ ಜನರಿಗೆ ತಿಳಿಯುವ ಭಾಷೆಯಲ್ಲಿ ನಡೆಯಬೇಕೆಂಬುದಕ್ಕಾಗಿ ಗೋಪಾಲಗೌಡರು ವಾದಿಸುತ್ತಲೇ ಇದ್ದರು. ಅವರಿಗೆ ಭಾಷೆಯ ಪ್ರಶ್ನೆ ಬರೀ ಅಭಿಮಾನದ ಪ್ರಶ್ನೆಯಾಗಿರಲಿಲ್ಲ. ಗೇಣಿದಾರನಿಗೆ ಬಂದ ನೋಟೀಸು ಅವನಿಗೆ ಓದಲಾಗದ ಭಾಷೆಯಲ್ಲಿದ್ದರೆ ಆ ಕಾನೂನು ಅವನ ರಕ್ಷಣೆಗೆ ಬರುವುದಾದರೂ ಹೇಗೆ? 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಕಾಯಿದೆ ಬಂತು. ಅದರ ಜಾರಿ ನಿಧಾನವಾಗಿಯೇ ನಡೆಯಿತು.

ಸೋಲು, ಮತ್ತೆ ಗೆಲುವು

1957ರ ಚುನಾವಣೆಯಲ್ಲಿ ಗೋಪಾಲಗೌಡರು ಸೋತರು. ಆ ವೇಳೆಗೆ ಸಮಾಜವಾದಿಗಳೂ ಒಡೆದಿದ್ದರು. ಲೋಹಿಯಾ 1955ರ ಕೊನೆಗೆ ಬೇರೆ ಪಕ್ಷ ಕಟ್ಟಿದಾಗ ಗೋಪಾಲಗೌಡರು ಅವರ ಜೊತೆ ನಡೆದರು. ಚಿಕ್ಕ ಪಕ್ಷ ಇನ್ನಷ್ಟು ಚಿಕ್ಕದಾಯಿತು. ಸೋತ ಮೇಲೆ ಕಾಂಗ್ರೆಸ್ ಸೇರಿ ಅಧಿಕಾರ ಪಡೆಯುವ ದಾರಿ ಆ ಕಾಲದಲ್ಲಿ ಅನೇಕರಿಗೆ ತೆರೆದಿತ್ತು. ಅವರು ಆ ಕಡೆ ಹೋಗಲಿಲ್ಲ.

ಈ ಐದು ವರ್ಷಗಳಲ್ಲೇ ಬಿ.ಡಿ. ಜತ್ತಿ ಸಮಿತಿಯ ಶಿಫಾರಸಿನ ಆಧಾರದಲ್ಲಿ 1961ರ ಭೂಸುಧಾರಣಾ ಕಾಯಿದೆ ರೂಪುಗೊಂಡಿತು. ಅದಕ್ಕಾಗಿ ಹತ್ತು ವರ್ಷ ಹೋರಾಡಿದ ಗೋಪಾಲಗೌಡರು ಆಗ ಸದನದ ಹೊರಗಿದ್ದರು. ಕಾಯಿದೆ ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಗೇಣಿಯನ್ನು ಬೆಳೆಯ ನಾಲ್ಕನೇ ಅಥವಾ ಐದನೇ ಒಂದು ಪಾಲಿಗೆ ಇಳಿಸಿದ್ದು ಅದರ ಒಳ್ಳೆಯ ಅಂಶ. ಆದರೆ ಸ್ವಂತ ಸಾಗುವಳಿ ಮಾಡುತ್ತೇನೆಂದು ಹೇಳಿ ಒಡೆಯ ಭೂಮಿಯನ್ನು ಹಿಂದೆ ಪಡೆಯಲು ಅದರಲ್ಲಿ ಅವಕಾಶವಿತ್ತು. ಬಾಯಿಮಾತಿನ ಗೇಣಿಗೆ ದಾಖಲೆಯೇ ಇಲ್ಲದಿದ್ದುದರಿಂದ ತಾನು ಒಕ್ಕಲು ಎಂದು ರುಜುವಾತು ಮಾಡುವುದೂ ಬಡವನಿಗೆ ಕಷ್ಟವಾಯಿತು. ಕಾಯಿದೆಗೆ ಹೆದರಿದ ಒಡೆಯರು ಮೊದಲೇ ಒಕ್ಕಲುಗಳನ್ನು ಎಬ್ಬಿಸಿದ್ದೂ ಉಂಟು.

1962ರಲ್ಲಿ ತೀರ್ಥಹಳ್ಳಿ ಕ್ಷೇತ್ರದ ಜನ ಗೋಪಾಲಗೌಡರನ್ನು ಮತ್ತೆ ವಿಧಾನಸಭೆಗೆ ಕಳುಹಿಸಿದರು. 208 ಸದಸ್ಯರ ಆ ಸಭೆಯಲ್ಲಿ ಅವರ ಪಕ್ಷದಿಂದ ಗೆದ್ದು ಬಂದವರು ಅವರೊಬ್ಬರೇ. ಒಬ್ಬಂಟಿ ಸದಸ್ಯನ ಮಾತಿಗೆ ಬೆಲೆ ಕೊಡಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಆದರೂ ಅವರು ಎದ್ದು ನಿಂತರೆ ಸದನ ಕಿವಿಗೊಡುತ್ತಿತ್ತು. ಆ ಗೌರವ ಅವರಿಗೆ ಬಂದದ್ದು ಪಕ್ಷದ ಸಂಖ್ಯಾಬಲದಿಂದಲ್ಲ.

1967ರಲ್ಲಿ ಅವರು ಮೂರನೇ ಬಾರಿ ಗೆದ್ದರು. ಈ ಸಲ ಅವರ ಬೆನ್ನಿಗೆ ಹೊಸಬರು ಇದ್ದರು. ಸೊರಬದಿಂದ ಎಸ್. ಬಂಗಾರಪ್ಪನವರು ವಿಧಾನಸಭೆಗೆ, ಶಿವಮೊಗ್ಗದಿಂದ ಜೆ.ಎಚ್. ಪಟೇಲರು ಲೋಕಸಭೆಗೆ ಇದೇ ಸಮಾಜವಾದಿ ಪಕ್ಷದಿಂದ ಗೆದ್ದು ಬಂದರು. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದರು. ಇಬ್ಬರೂ ಮುಂದೆ ಬೇರೆ ಬೇರೆ ದಾರಿಯಲ್ಲಿ ನಡೆದು ರಾಜ್ಯದ ಮುಖ್ಯಮಂತ್ರಿಗಳಾದರು. ಅವರ ನಂತರದ ರಾಜಕೀಯ ಗೋಪಾಲಗೌಡರ ರಾಜಕೀಯದಂತಿತ್ತೇ ಎಂಬ ಪ್ರಶ್ನೆ ಬೇರೆ.

ಸಾಹಿತಿಗಳ ಗೆಳೆಯ

ಗೋಪಾಲಗೌಡರ ಬಳಗದಲ್ಲಿ ರೈತರು, ಕೂಲಿಕಾರರು ಇದ್ದಂತೆ ಕವಿಗಳೂ ಕಥೆಗಾರರೂ ಇದ್ದರು. ಕವಿ ಗೋಪಾಲಕೃಷ್ಣ ಅಡಿಗರು, ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು ಅವರಿಗೆ ಹತ್ತಿರದವರು. ತೀರ್ಥಹಳ್ಳಿ ಕಡೆಯ ಯು.ಆರ್. ಅನಂತಮೂರ್ತಿಯವರು ವಿದ್ಯಾರ್ಥಿಯಾಗಿದ್ದಾಗಲೇ ಅವರ ಪ್ರಭಾವಕ್ಕೆ ಒಳಗಾದರು. ರಾಜಕೀಯ ಸಭೆ ಮುಗಿದ ಮೇಲೆ ಕಾವ್ಯ, ಸಂಗೀತಗಳ ಮಾತು ರಾತ್ರಿಯವರೆಗೂ ನಡೆಯುತ್ತಿತ್ತಂತೆ. ಅನಂತಮೂರ್ತಿಯವರು 1978ರಲ್ಲಿ ಪ್ರಕಟಿಸಿದ ಅವಸ್ಥೆ ಕಾದಂಬರಿಯ ನಾಯಕ ಕೃಷ್ಣಪ್ಪಗೌಡನಿಗೆ ಗೋಪಾಲಗೌಡರ ಬದುಕೇ ಪ್ರೇರಣೆ. ಅದು ಮುಂದೆ ಅನಂತನಾಗ್ ಅಭಿನಯದಲ್ಲಿ ಚಲನಚಿತ್ರವೂ ಆಯಿತು. ಕಾದಂಬರಿ ಕಾದಂಬರಿಯೇ, ಅದರಲ್ಲಿರುವುದೆಲ್ಲ ನಡೆದದ್ದೆಂದು ತಿಳಿಯಬಾರದು.

ಕೊನೆಯ ದಿನಗಳು

ಮೂರು ಬಾರಿ ಶಾಸಕರಾದರೂ ಗೋಪಾಲಗೌಡರು ಆಸ್ತಿ ಮಾಡಲಿಲ್ಲ. ಮನೆಯ ಹೊಣೆಯನ್ನು ಪತ್ನಿ ಸೋನಕ್ಕ ಸಹನೆಯಿಂದ ನಿಭಾಯಿಸಿದರು. ಸಾರ್ವಜನಿಕ ಸೇವೆಗೆ ಇಳಿದವರ ಹಿಂದೆ ಹೀಗೆ ಹೆಸರಿಲ್ಲದೆ ಭಾರ ಹೊರುವವರು ಇರುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಕೊನೆಯ ವರ್ಷಗಳಲ್ಲಿ ದೀರ್ಘ ಅನಾರೋಗ್ಯ ಅವರನ್ನು ಹಾಸಿಗೆಗೆ ಕೆಡವಿತು. ಸದನವನ್ನು ನಡುಗಿಸುತ್ತಿದ್ದ ದನಿ ಕುಗ್ಗಿತು. 1972ರ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಅವರ ಶಿಷ್ಯರಾದ ಕೋಣಂದೂರು ಲಿಂಗಪ್ಪನವರು ಗೆದ್ದರು. ಆ ವರ್ಷ ಮಾರ್ಚಿಯಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ಆಗ ಅವರಿಗೆ ಕೇವಲ ನಲವತ್ತೊಂಬತ್ತು ವರ್ಷ. ಜೀವನವಿಡೀ ಕೇಳಿದ ಎರಡು ವಿಷಯಗಳಲ್ಲಿ ಒಂದೂ ಆವರೆಗೆ ಕೈಗೂಡಿರಲಿಲ್ಲ.

ಬಿತ್ತಿದವರು ಕಾಣದ ಬೆಳೆ

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1974ರ ಮಾರ್ಚ್ 1ರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂತು. ಒಡೆಯ ಭೂಮಿಯನ್ನು ಹಿಂದೆ ಪಡೆಯುವ ಅವಕಾಶ ಹೋಯಿತು. ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿ, ಅಲ್ಲಿಂದ ಉಳುವವನ ಹೆಸರಿಗೆ ಬರುವ ವ್ಯವಸ್ಥೆಯಾಯಿತು. ಪ್ರತಿ ತಾಲೂಕಿಗೂ ಭೂನ್ಯಾಯ ಮಂಡಳಿಗಳು ಬಂದವು. ಅವುಗಳಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬ ಸದಸ್ಯರಾದರೂ ಇರಬೇಕಿತ್ತು. ಬಡ ಒಕ್ಕಲು ಒಡೆಯನ ವಕೀಲರ ಎದುರು ಸೋಲಬಾರದೆಂದು ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಕಾನೂನು ಮಾಡಿದ ಕೀರ್ತಿ ಅರಸರಿಗೆ ಸಲ್ಲುತ್ತದೆ, ಅದು ನ್ಯಾಯವೇ. ಆ ಕಾನೂನು ಬೇಕೆಂದು ಇಪ್ಪತ್ತು ವರ್ಷ ಸದನದ ಒಳಗೂ ಹೊರಗೂ ಕೂಗಿದವರಲ್ಲಿ ಮುಂದಿನ ಸಾಲಿನಲ್ಲಿದ್ದವರು ಗೋಪಾಲಗೌಡರು.

ನಮ್ಮ ಕರಾವಳಿಯಲ್ಲಿ ಭೂಮಸೂದೆ, ಡಿಕ್ಲರೇಶನ್ ಎಂಬ ಎರಡು ಶಬ್ದಗಳನ್ನು ಕೇಳದ ಮನೆಯಿಲ್ಲ. ಇಲ್ಲಿ ಚಾಲಗೇಣಿ ಒಕ್ಕಲುಗಳ ಸಂಖ್ಯೆ ದೊಡ್ಡದಿತ್ತು. ಅವರಲ್ಲಿ ಎಲ್ಲ ಜಾತಿಯವರಿದ್ದರು, ಕ್ರೈಸ್ತರೂ ಇದ್ದರು. ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆದು ಧಣಿಗಳ ಅಂಗಳಕ್ಕೆ ಹೊತ್ತು ಹಾಕುತ್ತಿದ್ದ ಕುಟುಂಬಗಳು ಏಳನೇ ನಮೂನೆಯ ಅರ್ಜಿ ಕೊಟ್ಟು ತಾವು ಉಳುತ್ತಿದ್ದ ಗದ್ದೆಗೆ ಹಕ್ಕುದಾರರಾದವು. ಎಷ್ಟೋ ಮಕ್ಕಳ ಓದು, ಎಷ್ಟೋ ಮನೆಗಳ ಹಂಚಿನ ಮಾಡು ಆ ಭೂಮಿಯ ಬಲದಿಂದ ಬಂದವು. ಅದೇ ಸಮಯದಲ್ಲಿ ಗೇಣಿಯನ್ನೇ ನಂಬಿದ್ದ ಕೆಲವು ಸಣ್ಣ ಒಡೆಯರ ಕುಟುಂಬಗಳು ಕಷ್ಟಕ್ಕೆ ಬಿದ್ದವು ಎಂಬುದೂ ಸತ್ಯ. ಭೂಮಿಯೇ ಇಲ್ಲದ ಕೂಲಿಯವರಿಗೆ ಇದರಿಂದ ಸಿಕ್ಕಿದ್ದೂ ಕಡಿಮೆ.

ಕಾಗೋಡಿನವರೇ ಆದ ಕಾಗೋಡು ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಸಭಾಧ್ಯಕ್ಷರೂ 2016ರಲ್ಲಿ ಕಂದಾಯ ಮಂತ್ರಿಯೂ ಆದರು. ಕೊಳಗದ ಅಳತೆಗಾಗಿ ಸೆರೆಮನೆಗೆ ಹೋದ ಊರಿನ ಮಗ ರಾಜ್ಯದ ಭೂಮಿಯ ದಫ್ತರವನ್ನೇ ನೋಡಿಕೊಳ್ಳುವಂತಾಯಿತು. ಇನ್ನೊಂದು ಕಡೆ, 2020ರ ತಿದ್ದುಪಡಿಯು ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು ತೆಗೆದುಹಾಕಿತು. ಭೂಮಿ ಯಾರದಾಗಬೇಕು ಎಂಬ ಚರ್ಚೆ ಮುಗಿದಿಲ್ಲ.

ನಮಗೆ ಉಳಿದ ಪಾಠ

ಗೋಪಾಲಗೌಡರು ಹುಟ್ಟಿ 2023ಕ್ಕೆ ನೂರು ವರ್ಷ ತುಂಬಿತು. ಅವರು ಕಟ್ಟಿಸಿದ ಸೇತುವೆ, ತಂದ ಕಾರ್ಖಾನೆ ಎಂದು ತೋರಿಸಲು ಹೆಚ್ಚೇನೂ ಇಲ್ಲ. ಅನ್ಯಾಯ ನಡೆಯುವಾಗ ಅದನ್ನು ಅನ್ಯಾಯವೆಂದು ಹೇಳಿದರು, ಹೇಳುತ್ತಲೇ ಇದ್ದರು. 208 ಜನರ ನಡುವೆ ಒಬ್ಬರೇ ಆದಾಗಲೂ ಹೇಳಿದರು.

ಸಂಘ, ಸಮಿತಿ, ಪಂಚಾಯತುಗಳಲ್ಲಿ ಕೆಲಸ ಮಾಡುವ ನಮ್ಮಲ್ಲಿ ಎಷ್ಟೋ ಜನ, ಬಹುಮತ ನಮ್ಮ ಕಡೆ ಇಲ್ಲ, ಮಾತಾಡಿ ಪ್ರಯೋಜನವೇನು ಎಂದು ಸುಮ್ಮನಾಗುತ್ತೇವೆ. ಠರಾವಿಗೆ ಕೈ ಎತ್ತಿ ಮನೆಗೆ ಬರುತ್ತೇವೆ. ಒಬ್ಬರು ಎದ್ದು ಹೇಳಿದ ಸರಿಯಾದ ಮಾತು ಆ ದಿನದ ಸಭೆಯಲ್ಲಿ ಸೋತರೂ ನಡಾವಳಿ ಪುಸ್ತಕದಲ್ಲಿ, ಕೇಳಿದವರ ಮನಸ್ಸಿನಲ್ಲಿ ಉಳಿಯುತ್ತದೆ. ಮುಂದೆ ಬರುವ ಯಾರೋ ಅದನ್ನು ಎತ್ತಿಕೊಳ್ಳುತ್ತಾರೆ. ಗೋಪಾಲಗೌಡರ ವಿಷಯದಲ್ಲಿ ಹಾಗೆಯೇ ಆಯಿತು. ಅವರು ಕೇಳಿದ ಭೂಮಿ ಅವರು ತೀರಿಕೊಂಡ ಎರಡೇ ವರ್ಷಗಳೊಳಗೆ ಲಕ್ಷಾಂತರ ಒಕ್ಕಲುಗಳ ಹಕ್ಕಾಯಿತು.

ಪಿತ್ರಾರ್ಜಿತ ಗದ್ದೆಯ ಪಹಣಿ ಪತ್ರವನ್ನು ಮುಂದಿನ ಬಾರಿ ಕೈಗೆತ್ತಿಕೊಂಡಾಗ ಅದರಲ್ಲಿ ನಮ್ಮ ಹಿರಿಯರ ಹೆಸರು ಹೇಗೆ ಬಂತೆಂದು ಮಕ್ಕಳಿಗೆ ಹೇಳೋಣ. ಆರಗದ ಆ ಬಡವರ ಮನೆಯ ಮಗನ ಹೆಸರನ್ನೂ ಜೊತೆಗೆ ಹೇಳೋಣ.